ರಸಬಾಳೆ ಬುಡಕ್ಕೆ ಒಂದು ಚೊಂಬು ನೀರು

ನಂಜನಗೂಡು
14 ಮಾರ್ಚ್ 2023

ಚಿಕ್ಕಸ್ವಾಮಿಗೆ,

ಕಾಗದದ ಕೊನೆಯಲ್ಲಿ ಯಾರ ಹೆಸರಿದೆ ಎಂದು ನೋಡಿ, ಓದದೆಯೇ ಒಲೆಗೆ ಹಾಕುವ ಆಸಾಮಿ ನೀನು. ಅದಕ್ಕೇ ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಗಂಗಾಧರಸ್ವಾಮಿ. ನಂಜನಗೂಡಿನ ಬಾಳೆಮಂಡಿಯವನು, ಸುತ್ತೂರು ಮಠದ ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಚಾಪೆಯವನು. ಈಗ ಒಲೆಗೆ ಹಾಕುವುದಿದ್ದರೆ ಹಾಕು.

ಫೋನ್ ಮಾಡಬಹುದಿತ್ತು. ನಿನಗೆ ಕಿವಿ ಮಂದವಾಗಿದೆಯೆಂದು ನಿಮ್ಮ ಕಡೆಯಿಂದ ಗೊನೆ ತರುವ ಲಾರಿಯವರು ಹೇಳಿದರು. ಕಿವಿ ಸರಿಯಿದ್ದ ಕಾಲದಲ್ಲೂ ನೀನು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವನಲ್ಲ. ಕಾಗದವಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ನಾವು ಮಾತು ಬಿಟ್ಟು ಇಪ್ಪತ್ತೈದು ವರ್ಷವಾಗುತ್ತಾ ಬಂತು. ಇನ್ನೂ ಬಿಟ್ಟೇ ಇರೋಣವೆಂದರೆ ನಮ್ಮಿಬ್ಬರಿಗೂ ಅಷ್ಟು ಆಯಸ್ಸು ಉಳಿದಿಲ್ಲ.

ವಿಷಯಕ್ಕೆ ಬರುತ್ತೇನೆ. ಹೊಳೆದಂಡೆಯ ತೋಟದಲ್ಲಿ ನಮ್ಮವ್ವ ಚನ್ನಾಜಮ್ಮ ತವರಿನಿಂದ ತಂದು ನೆಟ್ಟ ರಸಬಾಳೆ ನಿನಗೆ ಗೊತ್ತು. ಸೊರಗು ರೋಗ ಬಂದು ಸುತ್ತಲಿನ ತೋಟಗಳೆಲ್ಲ ಹಳದಿಯಾಗಿ ಮಲಗಿದಾಗಲೂ ಅದು ಉಳಿಯಿತು. ಈಗಲೂ ಇದೆ. ನನಗೆ ತಿಳಿದ ಮಟ್ಟಿಗೆ ಆ ತಳಿಯ ರೋಗವಿಲ್ಲದ ಬುಡ ಅದೊಂದೇ. ಕೃಷಿ ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗಳು ಶಿವಾನಿ ಮೊನ್ನೆ ತೋಟವನ್ನೆಲ್ಲ ಸುತ್ತಿ ಬಂದು, "ತಾತ, ಎಲ್ಲಾ ಒಂದೇ ಕಡೆ ಇಟ್ಕೊಂಡಿದೀರ. ಹೋಯ್ತು ಅಂದ್ರೆ ಪೂರ್ತಿ ಹೋಯ್ತು" ಅಂದಳು. ಬಾಳೆ ಎಂದೂ ಕಾಲಿಡದ ಮಣ್ಣು ಬೇಕಂತೆ, ಇನ್ನೊಂದು ಕಡೆ ನೆಟ್ಟಿಡಲು. ನನಗೆ ನೆನಪಾದದ್ದು ನಿನ್ನ ದಿಣ್ಣೆ ಹೊಲ. ಅಲ್ಲಿ ಹುರುಳಿ, ಎಳ್ಳು ಬಿಟ್ಟರೆ ಬೇರೇನೂ ಬೆಳೆದಿಲ್ಲ. ಇನ್ನು ಬಾಳೆ ನೆಡುವುದಿಲ್ಲ ಎಂದು ನೀನು ಹಠ ತೊಟ್ಟದ್ದರಿಂದ ಆ ಮಣ್ಣು ಹಾಗೇ ಚೊಕ್ಕಟವಾಗಿ ಉಳಿದಿದೆ.

ಲಾಯರ ಹತ್ತಿರ ಗುತ್ತಿಗೆ ಪತ್ರ ಬರೆಸಿ ಇದರ ಜೊತೆ ಇಟ್ಟಿದ್ದೇನೆ. ಬುಡದಿಂದ ಎತ್ತಿ ಕೊಡುವ ಕಂದು ನನ್ನದು, ನೆಲ ನಿನ್ನದು, ಬಂದದ್ದು ಸಮಪಾಲು. ಷರತ್ತು ಒಂದೇ. ಯಾರು ಕೇಳಿದರೂ ಕಂದು ಕೊಡಬಾರದು.

ನಿನ್ನ ಹಳೆಯ ಪಕ್ಕದ ಚಾಪೆ,
ಗಂಗಾಧರಸ್ವಾಮಿ


ದಿಣ್ಣೆಕೊಪ್ಪಲು, ಟಿ. ನರಸೀಪುರ ತಾಲ್ಲೂಕು
2 ಏಪ್ರಿಲ್ 2023

ಗಂಗಾಧರ,

ಒಲೆಗೆ ಹಾಕುತ್ತಿದ್ದೆ. ನಮ್ಮ ಮನೆಯವಳು ಶಿವನಂಜಮ್ಮ ಕೈ ಹಿಡಿದಳು. "ಮುದುಕ್ರಾದ್ರೂ ನಿಮ್ಮ ಉಡುಗಾಟ ಬುಡ್ನಿಲ್ಲ. ಮೊದ್ಲು ಓದಿ, ಆಮ್ಯಾಕೆ ಸುಡಿ" ಅಂದಳು. ಓದಿದೆ. ನಿನ್ನ ಗುತ್ತಿಗೆ ಪತ್ರ ವಾಪಸ್ ಕಳಿಸಿದ್ದೇನೆ. ಅದರ ಛಾಪಾ ಕಾಗದದ ದುಡ್ಡು ದಂಡವಾಯಿತಲ್ಲ ಎಂದು ನಿನಗೆ ಹೊಟ್ಟೆ ಉರಿಯಲಿ.

ಕಂದು ಯಾರಿಗೂ ಕೊಡಬಾರದೆಂದು ಷರತ್ತು ಹಾಕುವವನು ನನ್ನ ಹತ್ತಿರ ಯಾಕೆ ಬಂದೆ? ನಮ್ಮ ಕಡೆಯ ಕ್ರಮ ನಿನಗೆ ಗೊತ್ತಿಲ್ಲವೆ? ಬಾಳೆ ಕಂದನ್ನು ಮಾರುವುದಿಲ್ಲ. ಬೇಕಾದವನು ತಾನೇ ಎಲೆ ಅಡಿಕೆ ಹಿಡಿದು ಬರಬೇಕು. ತಾಯಿಗಿಡದ ಬುಡಕ್ಕೆ ಒಂದು ಚೊಂಬು ನೀರು ಹುಯ್ದು, ಆಮೇಲೆ ಕಂದು ಎತ್ತಿಕೊಂಡು ಹೋಗಬೇಕು. ಹಾಗೆ ಬಂದವನಿಗೆ ಇಲ್ಲ ಅನ್ನುವಂತಿಲ್ಲ. ನಮ್ಮ ತಾತಂದಿರು ಯಾವ ಪುಸ್ತಕ ಓದದೆಯೂ ನಡೆಸಿದ ಸಮಾಜವಾದ ಅದು.

ನಾನೂ ಹಾಗೆಯೇ ಬಂದಿದ್ದೆ ನಿನ್ನ ಗೇಟಿಗೆ. ನಮ್ಮ ಕಡೆಯ ತೋಟಗಳೆಲ್ಲ ಒಣಗಿದ್ದವು. ನಿನ್ನ ಬುಡದಿಂದ ನಾಲ್ಕು ಕಂದು ಸಿಕ್ಕರೆ ಮತ್ತೆ ಊರೂರಿಗೆ ಹಬ್ಬಿಸಬಹುದು ಎಂದು ನಂಬಿಸಿ ಹತ್ತು ಜನರನ್ನು ಜೊತೆಯಲ್ಲಿ ಕರೆದುಕೊಂಡು ಬಂದಿದ್ದೆ. "ಗಂಗಾಧರ ನನ್ ದೋಸ್ತಿ, ಇಲ್ಲ ಅನ್ನಾಕಿಲ್ಲ" ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ನೀನು ಗೇಟು ತೆಗೆಯಲಿಲ್ಲ. ರೋಗ ಸಾಯಲೆಂದು ಮೈಲುತುತ್ತ ಕಲೆಸಿದ ನೀಲಿ ನೀರನ್ನು ಚೊಂಬಿನಲ್ಲಿ ತಂದು ನನ್ನ ಮುಂದೆ ಹಿಡಿದು, "ಕಾಲು ತೊಳ್ಕೊ, ನಿನ್ ಕಾಲಲ್ಲಿ ರೋಗ ಇದೆ" ಅಂದೆ. ಮನೆಗೆ ಬಂದವರ ಕಾಲಿಗೆ ನೀರು ಕೊಡುವುದು ಮರ್ಯಾದೆ. ನೀನು ಕೊಟ್ಟದ್ದು ಆ ನೀರಲ್ಲ. ಅದೂ ಯಾವ ಚೊಂಬಿನಲ್ಲಿ? ನಾನೇ ನಿನಗೆ ಕೊಟ್ಟಿದ್ದ ಚೊಂಬಿನಲ್ಲಿ.

ನಾನು ಎಲೆ ಅಡಿಕೆಯನ್ನು ನಿನ್ನ ಗೇಟಿನ ಮೇಲಿಟ್ಟು ಬಂದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಬಾಳೆ ನೆಟ್ಟಿಲ್ಲ, ನಂಜನಗೂಡಿನ ಬಸ್ಸು ಹತ್ತಿಲ್ಲ. ಇನ್ನು ಹತ್ತುವುದೂ ಇಲ್ಲ.

ಚಿಕ್ಕಸ್ವಾಮಿ


ನಂಜನಗೂಡು
20 ಏಪ್ರಿಲ್ 2023

ಚಿಕ್ಕಸ್ವಾಮಿ,

ಛಾಪಾ ಕಾಗದದ ದುಡ್ಡಿಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಚೊಂಬಿನ ಮಾತು ತೆಗೆದೆಯಲ್ಲ, ನೋಡು, ಎಷ್ಟು ವರ್ಷ ಹಿಂದಕ್ಕೆ ಹೋದೆ. ಮಹದೇವಯ್ಯ ಮೇಷ್ಟ್ರ ಚರ್ಚಾಸ್ಪರ್ಧೆ. ಸಮಾಜವಾದ ಮೇಲೋ, ಬಂಡವಾಳಶಾಹಿ ಮೇಲೋ. ಒಂಬತ್ತನೆಯ ಕ್ಲಾಸಿನ ನಮಗೆ ಎರಡೂ ಗೊತ್ತಿಲ್ಲ. ಮೇಷ್ಟ್ರು ಚೀಟಿ ಎತ್ತಿಸಿದರು. ಮಂಡಿ ಸಾಹುಕಾರನ ಮಗನಾದ ನನಗೆ ಸಮಾಜವಾದ ಬಂತು. ಊರಿಂದ ತಂದ ಅವರೆಕಾಯನ್ನೂ ಎಣಿಸದೆ ಹಂಚುತ್ತಿದ್ದ ನಿನಗೆ ಬಂಡವಾಳಶಾಹಿ. ನೀನು ಹೇಳಿದ ಸೋಪಿನ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಬಚ್ಚಲಲ್ಲಿ ಹಾಸ್ಟೆಲಿನ ಸೋಪು ನೀರಿನಲ್ಲೇ ಬಿದ್ದು ಒಂದೇ ದಿನಕ್ಕೆ ಕರಗುತ್ತದೆ, ಯಾಕೆಂದರೆ ಅದು ಎಲ್ಲರದು, ಎತ್ತಿಡುವ ಕೆಲಸ ಯಾರದೂ ಅಲ್ಲ. ಅವರವರ ಪೆಟ್ಟಿಗೆಯ ಸೋಪು ತಿಂಗಳು ಬರುತ್ತದೆ. ಮಠದ ಅಂಗಳದಲ್ಲಿ ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಬಹುಮಾನದ ಸ್ಟೀಲ್ ಚೊಂಬು ನಿನಗೆ ಬಂತು. ನಾನು ಅರ್ಧ ಭಾಷಣಕ್ಕೆ ಮಾತು ಮರೆತು ಕೆಳಗಿಳಿದವನು. ನೀನು ಬಂದು, "ನಂಬದ್ದನ್ನ ಯೋಳಿ ಗೆದ್ದದ್ದು ನಂಗ್ ಬ್ಯಾಡ ಕಣ್ಲಾ" ಎಂದು ಚೊಂಬನ್ನು ನನ್ನ ಟ್ರಂಕಿನೊಳಗೆ ತುರುಕಿದೆ.

ಆ ಸೋಪಿನ ಮಾತನ್ನು ನೀನು ಮರೆತೆ, ನಾನು ಮರೆಯಲಿಲ್ಲ. ನಿಮ್ಮೂರಿನಲ್ಲಿ ಎಲ್ಲರ ಪಾಲಿನದೆಂದು ಊರ ಪಂಪ್‌ಸೆಟ್ ಹಾಕಿಸಿದೆಯಲ್ಲ, ಅದಕ್ಕೆ ಎಣ್ಣೆ ಹಾಕುವವನಿಲ್ಲದೆ ಮೋಟಾರು ಸುಟ್ಟುಹೋಯಿತು. ಆಮೇಲೆ ಕಂದು ಹಂಚಲು ಹೊರಟೆ. ಕವಲಂದೆಯಿಂದ ಬಿಳಿಗೆರೆಯವರೆಗೆ ಗಾಡಿಯ ಮೇಲೆ ಕಂದು ಹೇರಿಕೊಂಡು, ಕೇಳಿದವರಿಗೂ ಕೇಳದವರಿಗೂ ಕೊಟ್ಟೆ. ಕಂದಿನ ಜೊತೆ ಮಣ್ಣು ಹೋಯಿತು, ಮಣ್ಣಿನ ಜೊತೆ ರೋಗ ಹೋಯಿತು. ಇದನ್ನು ನಾನು ಹೊಸದಾಗಿ ಹೇಳುತ್ತಿಲ್ಲ, ಎರಡೂ ತಾಲ್ಲೂಕಿಗೆ ಗೊತ್ತಿದ್ದದ್ದೇ. ನನ್ನ ಬೇಲಿ ಜಿಪುಣನ ಬೇಲಿ, ಒಪ್ಪಿದೆ. ಅವ್ವನ ಬಾಳೆ ಉಳಿದದ್ದು ಆ ಬೇಲಿಯಿಂದಲೇ.

ಗುತ್ತಿಗೆ ಬೇಡ. ಪಾಲೂ ಬೇಡ. ಮಳೆ ಹಿಡಿದ ಮೇಲೆ ಶಿವಾನಿಯ ಕೈಯಲ್ಲಿ ಕಂದು ಕಳಿಸುತ್ತೇನೆ. ವಾಪಸ್ ಕಳಿಸುವುದಾದರೆ ಆ ಮಗುವಿನ ಮುಖ ನೋಡಿ ಕಳಿಸು. ಬಾಳೆ ಉಳಿಯಬೇಕು ಚಿಕ್ಕಸ್ವಾಮಿ. ಅವ್ವನದು ಅಂತ ನನ್ನ ಹತ್ತಿರ ಉಳಿದಿರುವುದು ಅದೊಂದೇ.

ಗಂಗಾಧರ


ದಿಣ್ಣೆಕೊಪ್ಪಲು
9 ಜುಲೈ 2023

ಗಂಗಾಧರ,

ನೆಟ್ಟಿದ್ದೇನೆ. ನಿನಗೋಸ್ಕರ ಅಲ್ಲ, ಆ ಹುಡುಗಿಗೋಸ್ಕರ.

ಕಾರನ್ನು ರಸ್ತೆಯಲ್ಲೇ ಬಿಟ್ಟು, ಚಪ್ಪಲಿ ಅದರೊಳಗೇ ಕಳಚಿ, ಯಾರೂ ಹೇಳದೆಯೇ ನಮ್ಮ ಬದುವಿನ ಮೇಲೆ ನಿಂತು ಬಾಟಲಿಯ ನೀಲಿ ನೀರಿನಲ್ಲಿ ಕಾಲು ತೊಳೆದುಕೊಂಡಳು. ನಾನು ನೋಡುತ್ತಾ ನಿಂತಿದ್ದೆ. ನಿನ್ನ ಮೂಗು, ಚನ್ನಾಜಮ್ಮನ ನಡಿಗೆ. "ತಾತ, ಮೂರು ಬೆಳೆ ಆಗೋವರೆಗೂ ಯಾರಿಗೂ ಕಂದು ಕೊಡಬೇಡಿ, ರೋಗ ಇಲ್ಲ ಅಂತ ಗಟ್ಟಿ ಆಗಬೇಕು. ಆಮೇಲೆ ಊರಿಗೆಲ್ಲಾ ಕೊಡಿ" ಅಂದಳು. ನೀನು "ಕೊಡಬಾರದು" ಅಂತ ಬರೆದದ್ದನ್ನೇ ಅವಳು "ಆಮೇಲೆ ಕೊಡಿ" ಅಂದಳು. ನನಗೆ ಒಪ್ಪಿಗೆಯಾದದ್ದು ಅವಳ ಮಾತು. ಶಿವನಂಜಮ್ಮ ಅವಳಿಗೆ ಅಕ್ಕಿರೊಟ್ಟಿ ಹಾಕಿ, ಹೊರಡುವಾಗ ಕುಂಕುಮ ಇಟ್ಟು ಕಳಿಸಿದಳು.

ಈಗ ನಿನ್ನ ಬೇಲಿಯ ಭಾಷಣಕ್ಕೆ ಉತ್ತರ. ನನ್ನ ಗಾಡಿಯಲ್ಲಿ ರೋಗ ಹೋಯಿತು, ಸರಿ. ಬಾಳೆಯೂ ಹೋಯಿತೋ ಇಲ್ಲವೋ? ಆ ಒಂದು ವರ್ಷ ನಮ್ಮ ಸುತ್ತಿನ ಹಟ್ಟಿ ಹಟ್ಟಿಯಲ್ಲೂ ರಸಬಾಳೆ ಗೊನೆ ತೊಲೆಗೆ ತೂಗುತ್ತಿತ್ತು. ಆ ಹಣ್ಣನ್ನು ಮಾರಲು ಹೊತ್ತವರೇ ಹೊರತು ತಿಂದವರಲ್ಲ ಆ ಜನ. ಅವತ್ತು ತಿಂದರು. ನಿನ್ನ ಬೇಲಿಯೊಳಗೆ ಇಪ್ಪತ್ತೈದು ವರ್ಷ ಹಣ್ಣಾಯಿತಲ್ಲ, ತಿಂದವರು ಎಷ್ಟು ಮನೆಯವರು? ಮತ್ತೆ, ನಿನ್ನ ತೋಟಕ್ಕೆ ನಾಲೆ ನೀರು ಬರುತ್ತದೆ. ಆ ನಾಲೆಯ ಅಣೆಕಟ್ಟನ್ನು ಯಾವ ಸಾಹುಕಾರ ತನ್ನ ಟ್ರಂಕಿನಿಂದ ಕಟ್ಟಿಸಿದ? ಮಂಡಿಯಲ್ಲಿ ಗೊನೆ ತೂಗುವಾಗ ನೀನು ದಿಂಡಿನ ಲೆಕ್ಕ ಅಂತ ತೂಕ ಕಳೆಯುತ್ತೀಯ. ಕಳೆದ ದಿಂಡನ್ನು ಒಂದು ದಿನವಾದರೂ ರೈತನಿಗೆ ವಾಪಸ್ ಕೊಟ್ಟಿದ್ದೀಯಾ? ಸರ್ಕಾರದವರದೂ ಊರಿನವರದೂ ಆದರೆ ಎಣ್ಣೆ ಹಾಕುವವರಿಲ್ಲ, ನಿಜ. ನಿಮ್ಮಂಥವರದಾದರೆ ಎಣ್ಣೆ ಹಾಕುತ್ತೀರಿ, ಆದರೆ ನೀರು ನಿಮಗೆ ಮಾತ್ರ.

ಇನ್ನೊಂದು. ನೀನು ಭಾಷಣದ ನಡುವೆ ಮಾತು ಮರೆತೆ ಎಂದು ಬರೆದಿದ್ದೀಯ. ಮರೆಯಲಿಲ್ಲ. "ಇಲ್ಲಿ ದುಡ್ಡು ಕೊಟ್ಟು ಉಣ್ಣಬೇಕಾಗಿದ್ದರೆ ನಮ್ಮಲ್ಲಿ ಕೆಲವರು" ಎಂದು ಶುರುಮಾಡಿ ನನ್ನ ಕಡೆ ನೋಡಿದೆ. ಬಾಯಿ ಮುಚ್ಚಿಕೊಂಡು ಕೆಳಗಿಳಿದುಬಿಟ್ಟೆ. ಮಠದ ಊಟ ಇಲ್ಲದಿದ್ದರೆ ನಾನು ಓದುತ್ತಿರಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಆದರೂ ನೀನು ನನ್ನ ಹೆಸರು ಎತ್ತಲಿಲ್ಲ. ಆ ಮಾತು ಆಡಿದ್ದರೆ ನೀನೇ ಗೆಲ್ಲುತ್ತಿದ್ದೆ. ಚೊಂಬು ನಿನಗೆ ಕೊಟ್ಟದ್ದು ಅದಕ್ಕೆ. ಅಷ್ಟು ತಿಳಿದ ಮನುಷ್ಯ ಹತ್ತು ಜನರ ಮುಂದೆ ನನಗೆ ಹಾಗೆ ಮಾಡಿದ ಅಂತಲೇ ನನಗೆ ಅಷ್ಟು ನೋವಾದದ್ದು.

ಚಿಕ್ಕಸ್ವಾಮಿ


ನಂಜನಗೂಡು
30 ಜುಲೈ 2023

ಚಿಕ್ಕಸ್ವಾಮಿ,

ನಿನ್ನ ಕಾಗದದ ಕೊನೆಯ ಭಾಗವನ್ನು ಎರಡು ಸಲ ಓದಿ ಮಡಿಸಿಟ್ಟೆ. ಮೊದಲ ಭಾಗಕ್ಕೆ ಉತ್ತರ ಬರೆಯುತ್ತೇನೆ. ದಿಂಡಿನ ಲೆಕ್ಕ ನಮ್ಮಪ್ಪನ ಕಾಲದ್ದು. ಅದಕ್ಕೆ ನನ್ನನ್ನು ಬೈಯಬೇಡ. ಗೊನೆ ಕೊಳೆತರೆ ನಷ್ಟ ನನ್ನದು. ಲಾರಿ ದಾರಿಯಲ್ಲಿ ನಿಂತರೆ ನಷ್ಟ ನನ್ನದು. ಅದನ್ನು ಸಮಪಾಲು ಮಾಡಲು ನಿಮ್ಮಲ್ಲಿ ಯಾರೂ ಬರುವುದಿಲ್ಲ.

ಅಣೆಕಟ್ಟಿನ ಮಾತು ಒಪ್ಪಿದೆ. ಅದನ್ನು ನಾನು ಕಟ್ಟಿಸಿಲ್ಲ.

ಬುಡಕ್ಕೆ ಗೊಬ್ಬರ ಹತ್ತಿರ ಹಾಕಬೇಡ. ಗಾಳಿಗೆ ಊರುಗೋಲು ಕೊಡು. ಬೇಲಿ ಹಾಕಿದೆಯೋ ಇಲ್ಲವೋ ಎಂದು ಕೇಳಿದರೆ ನಿನಗೆ ಕೋಪ ಬರುತ್ತದೆ. ಆದರೂ ಕೇಳುತ್ತೇನೆ. ಬೇಲಿ ಹಾಕಿದೆಯಾ?

ಗಂಗಾಧರ


ದಿಣ್ಣೆಕೊಪ್ಪಲು
7 ಜುಲೈ 2024

ಗಂಗಾಧರ,

ಹೋದ ವರ್ಷದ ಕಾಗದಕ್ಕೆ ಈ ವರ್ಷ ಉತ್ತರ. ಬೇಲಿ ಹಾಕಿದ್ದೇನೆ. ಗೇಟೂ ಇದೆ. ಬೀಗವೂ ಇದೆ. ಇದನ್ನು ನಿನಗೆ ಬರೆಯಬೇಕಲ್ಲ ಎಂದೇ ಇಷ್ಟು ದಿನ ಬರೆಯಲಿಲ್ಲ.

ಹೋದ ವಾರ ಮೊದಲ ಗೊನೆ ಹಣ್ಣಾಯಿತು. ಒಳಮನೆಯಲ್ಲಿ ಹುಲ್ಲು ಮುಚ್ಚಿ ಇಟ್ಟಿದ್ದೆವು. ಬೆಳಿಗ್ಗೆ ಬಾಗಿಲು ತೆಗೆದರೆ ಆ ವಾಸನೆ. ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ನಿನಗೆ ನೆನಪಿದೆಯಾ, ನಿಮ್ಮವ್ವ ಕಳಿಸಿದ ಬಾಳೆಹಣ್ಣಿನ ಚಿಪ್ಪನ್ನು ನೀನು ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಬೀಗ ಹಾಕಿದ್ದು ಹಣ್ಣಿಗೆ. ವಾಸನೆ ಹಾಸ್ಟೆಲನ್ನೆಲ್ಲ ಸುತ್ತಿತು. ನಾನು ಕೀಲಿ ಕಿತ್ತುಕೊಂಡು ಎಲ್ಲರಿಗೂ ಹಂಚಿದೆ. ಒಬ್ಬೊಬ್ಬರಿಗೆ ಅರ್ಧ ಹಣ್ಣು ಬಂತು, ಯಾರಿಗೂ ಸಾಕಾಗಲಿಲ್ಲ, ನೀನು ಗೋಡೆ ಕಡೆ ತಿರುಗಿ ಮಲಗಿ ಅತ್ತೆ. ಆಮೇಲೆ ದಿಂಬಿನ ಕೆಳಗಿನಿಂದ ಒಂದು ಹಣ್ಣು ತೆಗೆದು, ಬಚ್ಚಿಟ್ಟದ್ದು, ನನಗೆ ಅರ್ಧ ಕೊಟ್ಟೆ. ಆ ರುಚಿ ನಾಲಿಗೆಗೆ ಮತ್ತೆ ಬಂತು ಕಣೋ. ಅವತ್ತಿನ ನಾವು ಎಷ್ಟು ಚೆನ್ನಾಗಿದ್ದೆವು ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಹಣ್ಣನ್ನು ಮನೆಮನೆಗೂ ಕೊಟ್ಟೆ. ಹಣ್ಣಿನಿಂದ ರೋಗ ಹರಡುವುದಿಲ್ಲವೆಂದು ಶಿವಾನಿಯನ್ನು ಕೇಳಿಯೇ ಕೊಟ್ಟೆ. ಒಂದು ಚಿಪ್ಪನ್ನು ಬಸ್ಸಿನಲ್ಲಿ ನಿನಗೂ ಕಳಿಸಿದ್ದೇನೆ. ತೊಂದರೆ ಅದರ ಮರುದಿನ ಶುರುವಾಯಿತು. ಹಣ್ಣು ತಿಂದವರಿಗೆ ಕಂದು ಬೇಡವೆ? ನಮ್ಮ ಪಕ್ಕದ ಹೊಲದ ದೇವರಾಜು ಎಲೆ ಅಡಿಕೆ ಹಿಡಿದು, ಚೊಂಬಿನಲ್ಲಿ ನೀರು ತಂದು ಗೇಟಿನ ಹತ್ತಿರ ನಿಂತ. ಕ್ರಮ ತಪ್ಪಲಿಲ್ಲ.

"ಮಾವ, ನಮ್ಮಪ್ಪನ ಕೈಗೆ ಕಂದು ಕೊಟ್ಟೋರು ನೀವೇ ಅಲ್ವಾ" ಅಂದ.

"ಆ ಕಂದಿಂದ್ಲೇ ಕಣಪ್ಪಾ ನಿಮ್ಮಪ್ಪನ ತ್ವಾಟ ಒಣಗೋದದ್ದು. ಇನ್ನೆರಡು ಬೆಳೆ ತಡ್ಕೊ. ಮೊದಲ್ನೇ ಕಂದು ನಿನ್ಗೇ ಕೊಡ್ತೀನಿ."

"ಓದ್ರೆ ಓಯ್ತದೆ ಬುಡಿ. ಅದ್ಕೇನ್ ನಾವು ನಿಮ್ಮನ್ನ ಒಂದ್ ಮಾತು ಅಂದಿದ್ವಾ? ಈಗ ನೀವೂ ಬ್ಯಾಲಿ ಆಕ್ಕೊಂಡ್ ಕುಂತ್ರಲ್ಲ, ಅದೇ ಬ್ಯಾಸರ" ಅಂದ.

ಚೊಂಬಿನ ನೀರನ್ನು ಗೇಟಿನ ಕಂಬದ ಬುಡಕ್ಕೆ ಹುಯ್ದು ಹೋದ. ನಾನು ಗೇಟಿನ ಈ ಕಡೆ ನಿಂತಿದ್ದೆ. ಈ ಕಡೆ ನಿಂತರೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಗಂಗಾಧರ.

ಹಾಗಂತ ನೀನು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ನಾನು ದೇವರಾಜುವಿಗೆ ತಾರೀಕು ಹೇಳಿದೆ. ನೀನು ನನಗೆ ಹೇಳಲಿಲ್ಲ.

ಚಿಕ್ಕಸ್ವಾಮಿ


ನಂಜನಗೂಡು
11 ಆಗಸ್ಟ್ 2024

ಚಿಕ್ಕಸ್ವಾಮಿ,

ಹಣ್ಣು ತಲುಪಿತು. ಅವ್ವನ ಫೋಟೋ ಮುಂದಿಟ್ಟು, ಆಮೇಲೆ ತಿಂದೆ. ನಿನ್ನ ದಿಣ್ಣೆಯ ಹಣ್ಣು ನನ್ನ ತೋಟದ್ದಕ್ಕಿಂತ ಸಿಹಿ. ವ್ಯಾಪಾರಿಯ ಮಾತಲ್ಲ, ನಿಜ.

ಆಮೇಲಿನದು ನೀನು ಕೇಳಿಯೇ ಇರುತ್ತೀಯ. ವಯನಾಡಿನ ಕಡೆ ಮಳೆ ನಿಲ್ಲಲಿಲ್ಲ, ಕಪಿಲೆ ದಡ ಬಿಟ್ಟು ಬಂದಳು. ಮನೆಗೆ ಏನೂ ಆಗಲಿಲ್ಲ. ತೋಟದಲ್ಲಿ ಎದೆಮಟ್ಟ ನೀರು. ನನ್ನ ಮುಳ್ಳುಬೇಲಿ, ಕಬ್ಬಿಣದ ಗೇಟು, ಎಲ್ಲದರ ಮೇಲೂ ಹಾಯ್ದು ಹೋದಳು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಗಿಡಗಳು ಅರ್ಧ ಬಿದ್ದಿವೆ. ಬಿದ್ದದ್ದಕ್ಕೆ ನನಗೆ ಹೆದರಿಕೆ ಇಲ್ಲ. ಬಾಳೆ ಬಿದ್ದರೆ ಬುಡದಿಂದ ಏಳುತ್ತದೆ. ಆದರೆ ತೋಟದ ತುಂಬ ಹೊಸ ಮಣ್ಣು ಬಂದು ಕೂತಿದೆ. ಮೇಲಿನ ತೋಟಗಳ ಮಣ್ಣು. ಯಾರ ಯಾರ ಕಾಲನ್ನು ನಾನು ಒಳಗೆ ಬಿಡಲಿಲ್ಲವೋ, ಅವರೆಲ್ಲರ ಹೊಲದ ಮಣ್ಣು ಈಗ ಅವ್ವನ ಬಾಳೆಯ ಬುಡದಲ್ಲಿದೆ.

ಶಿವಾನಿ ಬಂದು ನೋಡಿ, ಎಲೆ ಹಳದಿಯಾಗುತ್ತದೋ ಎಂದು ಇನ್ನು ಕಾಯಬೇಕು ಅಂದಳು.

ನಿಮ್ಮ ಕಡೆ ಹೇಗಿದೆ ಬರಿ.

ಗಂಗಾಧರ


ದಿಣ್ಣೆಕೊಪ್ಪಲು
19 ಆಗಸ್ಟ್ 2024

ಗಂಗಾಧರ,

ದಿಣ್ಣೆಗೆ ನೀರು ಹತ್ತಲಿಲ್ಲ. ಬಾಳೆ ಚೆನ್ನಾಗಿದೆ.

ನೆರೆ ನೋಡಲು ನರಸೀಪುರಕ್ಕೆ ಹೋಗಿದ್ದೆ. ಸಂಗಮದಲ್ಲಿ ಕಪಿಲೆಯ ಕೆಂಪು ನೀರು ಕಾವೇರಿಗೆ ಸೇರುತ್ತಿತ್ತು. ಬಾಳೆಗಿಡಗಳು ಬುಡ ಸಮೇತ ತೇಲಿಕೊಂಡು ಹೋಗುತ್ತಿದ್ದವು. ನಿನ್ನ ತೋಟದ್ದೂ ಇರಬಹುದು ಎಂದು ಒಂದೊಂದನ್ನೂ ನೋಡುತ್ತಾ ನಿಂತಿದ್ದೆ. ಎಷ್ಟೋ ಹೊತ್ತು ನಿಂತಿದ್ದೆ. ಇಷ್ಟು ವರ್ಷವೂ ನಿನ್ನ ಊರಿನ ನೀರೇ ನಮ್ಮ ಊರಿಗೆ ಬರುತ್ತಿತ್ತಲ್ಲ, ನಾನು ಒಂದು ದಿನವೂ ಹಾಗೆ ಯೋಚನೆ ಮಾಡಿರಲಿಲ್ಲ.

ನೀನು ಒಬ್ಬನೇ ತೋಟಕ್ಕೆ ಹೋಗಿ ಕೂರಬೇಡ. ಜಾರುತ್ತದೆ.

ಚಿಕ್ಕಸ್ವಾಮಿ


ನಂಜನಗೂಡು
16 ಡಿಸೆಂಬರ್ 2024

ಪ್ರಿಯ ಚಿಕ್ಕಸ್ವಾಮಿ,

ಹಳದಿ ಬಂತು. ಮೊದಲು ಕೆಳಗಿನ ಎಲೆ, ಆಮೇಲೆ ಮೇಲಿನದು. ದಿಂಡು ಸೀಳಿ ನೋಡಿದರೆ ಒಳಗೆ ಕೆಂಪು ಗೆರೆ. ನೀನು ಊರೂರಲ್ಲಿ ನೋಡಿದ್ದನ್ನು ನಾನು ಈಗ ನೋಡಿದೆ. ಎಲ್ಲವನ್ನೂ ಕಡಿಸಿ, ಬುಡ ಅಗೆಸಿ, ಸುಡಿಸಿದೆ. ಅವ್ವ ನೆಟ್ಟ ಬುಡವನ್ನು ಮಾತ್ರ ಬೇರೆಯವರ ಕೈಗೆ ಬಿಡಲು ಮನಸ್ಸಾಗಲಿಲ್ಲ. ಅದಕ್ಕೆ ನಾನೇ ಬೆಂಕಿ ಇಟ್ಟೆ.

ಇನ್ನು ಈ ಮಣ್ಣಿನಲ್ಲಿ ರಸಬಾಳೆ ನೆಡುವ ಹಾಗಿಲ್ಲ. ನನ್ನ ಕಾಲದಲ್ಲಂತೂ ಇಲ್ಲ. ನಿನ್ನ ಹತ್ತಿರ ಇರುವುದೇ ಉಳಿದದ್ದು. ಅವತ್ತು ಗುತ್ತಿಗೆ ಪತ್ರಕ್ಕೆ ನೀನು ಸಹಿ ಹಾಕಿದ್ದರೆ ಅದರಲ್ಲಿ ಅರ್ಧ ನನ್ನದೆಂದು ಜಗಳ ತೆಗೆಯಬಹುದಿತ್ತು. ನೀನು ಹಾಕಲಿಲ್ಲ. ಈಗ ನನಗೆ ಕೇಳುವುದೊಂದೇ ದಾರಿ. ಕೊಂಡು ಗೊತ್ತು, ಮಾರಿ ಗೊತ್ತು. ಕೇಳಿ ಅಭ್ಯಾಸವಿಲ್ಲ. ತಪ್ಪಾಗಿ ಬರೆದಿದ್ದರೆ ಹೊಟ್ಟೆಗೆ ಹಾಕಿಕೋ.

ನನಗೆ ಒಂದು ಕಂದು ಕೊಡು. ಮಹಡಿಯ ಮೇಲೆ ದೊಡ್ಡ ಡ್ರಮ್ಮು ಇಡಿಸಿದ್ದೇನೆ. ಅದಕ್ಕೆ ತುಂಬಲು ಮಣ್ಣೂ ನಿನ್ನ ಹೊಲದ್ದೇ ಬೇಕು. ಡ್ರಮ್ಮಿನ ಬಾಳೆಯಿಂದ ಯಾರಿಗೂ ರೋಗ ಹೋಗುವುದಿಲ್ಲ, ಶಿವಾನಿಯೇ ಹೇಳಿದಳು. ಗೊನೆ ಬಿಡದಿದ್ದರೂ ಪರವಾಗಿಲ್ಲ. ಬೆಳಿಗ್ಗೆ ಎದ್ದಾಗ ಆ ಎಲೆ ಕಣ್ಣಿಗೆ ಬಿದ್ದರೆ ಸಾಕು.

ಕ್ರಮದ ಪ್ರಕಾರ ನಾನೇ ಬರುತ್ತೇನೆ. ಯಾವತ್ತು ಬರಲಿ, ಹೇಳು.

ನಿನ್ನ,
ಗಂಗಾಧರ


ದಿಣ್ಣೆಕೊಪ್ಪಲು
5 ಜನವರಿ 2025

ಗಂಗಾಧರ,

ಸುದ್ದಿ ಓದಿ ಶಿವನಂಜಮ್ಮ ಕಣ್ಣೊರೆಸಿಕೊಂಡಳು. ನಾನೂ.

ಮೂರು ಬೆಳೆಯ ಗಡುವು ನಿನಗೆ ಅನ್ವಯಿಸುವುದಿಲ್ಲ. ಅದು ಚನ್ನಾಜಮ್ಮನ ಬಾಳೆ. ಒಳ್ಳೆಯ ಕಂದು ನೋಡಿ, ಬೇರು ತೊಳೆದು, ಗೋಣಿ ಸುತ್ತಿ ಬಸ್ಸಿನಲ್ಲಿ ಕಳಿಸುತ್ತೇನೆ. ಮಣ್ಣನ್ನೂ ಚೀಲಕ್ಕೆ ತುಂಬಿಸಿ ಕಳಿಸುತ್ತೇನೆ. ನೀನು ಬರುವುದು ಬೇಡ. ನಿನಗೆ ಮೊಣಕಾಲು ನೋವೆಂದು ಶಿವಾನಿ ಹೇಳಿದ್ದಳು. ಆ ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ಕಷ್ಟಪಡುವುದು ಯಾಕೆ? ಇಲ್ಲಿ ರಸ್ತೆಯೂ ಸರಿಯಿಲ್ಲ. ಕ್ರಮ ಎಲ್ಲ ಹಳೆಯ ಕಾಲದ್ದು.

ಚಿಕ್ಕಸ್ವಾಮಿ


ನಂಜನಗೂಡು
22 ಜನವರಿ 2025

ಪ್ರಿಯ ಚಿಕ್ಕಸ್ವಾಮಿ,

ನಿನ್ನ ಕಾಗದ ಓದಿ ಉರಿದುಹೋದೆ. ಕ್ರಮ ಕ್ರಮ ಎಂದು ನನ್ನ ಜನ್ಮ ಜಾಲಾಡಿದವನು, ನಾನು ಕೇಳಲು ಹೊರಟಾಗ ಬರಬೇಡ ಅನ್ನುತ್ತೀಯ. ಗೇಟಿನ ಸೇಡು ತೀರಿಸಿಕೊಂಡೆ ಅಂದುಕೊಂಡೆ. ಕಂದೂ ಬೇಡ, ಮಣ್ಣೂ ಬೇಡ ಎಂದು ಒಂದು ಕಾಗದ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೂ ಇದ್ದೆ.

ನಿನ್ನೆ ಸಂಜೆ ಖಾಲಿ ತೋಟವನ್ನು ಒಂದು ಸುತ್ತು ಹಾಕಿ ಬಂದು ಹಟ್ಟಿಬಾಗಿಲಲ್ಲಿ ಕಾಲು ತೊಳೆಯಲು ಕೂತೆ. ಬೆರಳ ಸಂದಿಯಲ್ಲೆಲ್ಲ ಆ ಕೆಸರು ಒಣಗಿ ಅಂಟಿತ್ತು. ಅದನ್ನು ನೋಡುತ್ತಿದ್ದಂತೆ ನಿನ್ನ ಕಾಗದ ಅರ್ಥವಾಯಿತು. ಈಗ ರೋಗ ಇರುವುದು ನನ್ನ ಕಾಲಿನಲ್ಲಿ. ನಾನು ಬಂದರೆ ನೀನು ಗೇಟಿನಲ್ಲಿ ನನ್ನನ್ನು ನಿಲ್ಲಿಸಬೇಕು. ನೀಲಿ ನೀರು ಹಿಡಿದು, ನಾನು ನಿನಗೆ ಹೇಳಿದ ಮಾತನ್ನೇ ನನಗೆ ಹೇಳಬೇಕು. ಆ ಮಾತು ಎಲ್ಲಿ ತಾಗುತ್ತದೆಂದು ನಿನಗೆ ಗೊತ್ತು. ಅದಕ್ಕೇ ಬಸ್ಸು, ಮೆಟ್ಟಿಲು, ರಸ್ತೆ ಎಂದು ಏನೇನೋ ಬರೆದೆ. ಹಾಸ್ಟೆಲಿನ ಭಾಷಣದಲ್ಲಿ ನಾನು ನಿನ್ನ ಹೆಸರು ನುಂಗಿಕೊಂಡ ಹಾಗೆ ನೀನೂ ನುಂಗಿಕೊಂಡೆ.

ನನಗೆ ಹಾಗೆ ಉಳಿಸಿಕೊಳ್ಳುವ ಮರ್ಯಾದೆ ಬೇಡ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಎಲೆ ಅಡಿಕೆ ತರುತ್ತೇನೆ. ನಿನ್ನ ಚೊಂಬು ಇನ್ನೂ ಇದೆ, ಅದನ್ನೂ ತರುತ್ತೇನೆ. ಚಪ್ಪಲಿ ರಸ್ತೆಯಲ್ಲೇ ಬಿಟ್ಟು ಗೇಟಿನ ಹೊರಗೆ ನಿಂತು ಕೂಗುತ್ತೇನೆ. ನಿನಗೆ ಕೇಳಿಸದಿದ್ದರೂ ಶಿವನಂಜಮ್ಮನಿಗೆ ಕೇಳಿಸುತ್ತದೆ. ದೇವರಾಜುವನ್ನೂ ಕರೆಸು. ನಾಲ್ಕು ಜನ ಇರಲಿ, ನೋಡಲಿ. ನೀನು ಮೈಲುತುತ್ತ ಕಲೆಸಿ ಇಟ್ಟಿರು. ನನಗೆ ಬಗ್ಗಲು ಆಗುವುದಿಲ್ಲ, ನೀನೇ ಹುಯ್ಯಬೇಕು.

ಕಾಲು ತೊಳೆದ ಮೇಲೆ ಚೊಂಬನ್ನು ಬೂದಿ ಹಾಕಿ ಚೆನ್ನಾಗಿ ಉಜ್ಜಿ ತೊಳೆಯೋಣ. ಆಮೇಲಿನ ನೀರು ಅವ್ವನ ಬಾಳೆಗೆ.

ಸೋಮವಾರ ಕಾಣುವ,
ಗಂಗಾಧರ